ಗುರುವಿನ ಪಕ್ಕದ ಪೀಠ

ಹಾವೇರಿ ಸೀಮೆಯ ವಾಚಕರಿಗೆ ವೀರಗಲ್ಲು ಹೊಸತಲ್ಲ. ಹಿಂದೆ ಗುತ್ತ ಅರಸರ ರಾಜಧಾನಿಯಾಗಿದ್ದ ನಮ್ಮ ಗುತ್ತಲದ ಸುತ್ತಿನ ನಾಡಿನಲ್ಲಿಯೂ ಕಾದಿ ಮಡಿದವನ ಕೀರ್ತಿಯನ್ನು ಕಲ್ಲಿನಲ್ಲಿ ಕಡೆದು ನಿಲ್ಲಿಸಿದ್ದಾರೆ. ಆದರೆ ಆ ವೀರನಿಗೆ ಕತ್ತಿ ಹಿಡಿಯಲು ಕಲಿಸಿದ ಗರಡಿಯ ಗುರು ಯಾರು? ಅದನ್ನು ಹೇಳುವ ಕಲ್ಲು ಅಪರೂಪ.

ವಿಮಾನಗಳ ಚರಿತ್ರೆಯಲ್ಲಿಯೂ ಇದೇ ನ್ಯಾಯ ನಡೆದಿದೆ. ೧೯೬೫ರ ಯುದ್ಧದ 'ನ್ಯಾಟ್' ವಿಮಾನದ ಹೆಸರನ್ನು ಬಲ್ಲವರು ಅನೇಕರು. ಅದನ್ನು ನಡೆಸಿದ ತರುಣರು ಮೊದಲು ಯಾವ ವಿಮಾನದಲ್ಲಿ ಕುಳಿತು ಪಾಠ ಕಲಿತರೆಂದು ಕೇಳುವವರು ಕೆಲವರೇ. ಅಂತಹ ಕಲಿಸುವ ವಿಮಾನವೊಂದು ನಮ್ಮ ನಾಡಿನಲ್ಲಿಯೇ ಹುಟ್ಟಿತೆಂಬುದನ್ನು ವಾಚಕರು ಅರಿಯಬೇಕು.

ವಾಲಚಂದ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ 'ಎಚ್‌ಟಿ-೨' ೧೯೫೧ರಲ್ಲಿ ಹಾರಿತು. ಅದು ಮೂತಿಯಲ್ಲಿ ಪಂಖ ತಿರುಗಿಸುತ್ತ ಹಾರುವ ತರಬೇತಿ ವಿಮಾನ. ಅಷ್ಟರಲ್ಲಿ ಜೆಟ್ ಯುಗ ಬಂದಿತ್ತು. ಜೆಟ್ ಎಂಜಿನು ಮುಂದಿನಿಂದ ಗಾಳಿಯನ್ನು ಸೆಳೆದು, ಒತ್ತಿ, ಎಣ್ಣೆಯೊಡನೆ ಉರಿಸಿ ಹಿಂದಕ್ಕೆ ರಭಸದಿಂದ ಚಿಮ್ಮಿಸುತ್ತದೆ. ಆ ಚಿಮ್ಮುವಿಕೆಯ ಪ್ರತಿಬಲವೇ ವಿಮಾನವನ್ನು ಮುಂದಕ್ಕೆ ನೂಕುತ್ತದೆ. ಆ ಕಾಲದ ಜೆಟ್ ಎಂಜಿನಿಗೆ ಒಂದು ಸ್ವಭಾವ ಉಂಟು. ಸನ್ನೆಯನ್ನು ಒತ್ತಿದೊಡನೆ ಅದು ಪೂರ್ಣ ಬಲವನ್ನು ಕೊಡದು; ಕೆಲವು ಕ್ಷಣ ತಡೆಯುತ್ತದೆ. ನೆಲಕ್ಕಿಳಿಯುವಾಗ ಆ ಕ್ಷಣಗಳೇ ಪ್ರಾಣದ ಬೆಲೆಯವು. ಆದುದರಿಂದ ಮುಂದಾಲೋಚನೆಯೇ ಜೆಟ್ ವಿದ್ಯೆಯ ಮೊದಲ ಪಾಠ.

ಈ ಪಾಠಕ್ಕಾಗಿ ಘಾಟಗೆ, ರಾಜ್ ಮಹೀಂದ್ರ ಮೊದಲಾದವರು ರೂಪಿಸಿದ ವಿಮಾನವೇ 'ಕಿರಣ'. ೧೯೬೪ರ ಸೆಪ್ಟೆಂಬರ್ ೪ರಂದು ಸುರಂಜನ ದಾಸರು ಅದನ್ನು ಮೊದಲ ಬಾರಿ ಹಾರಿಸಿದರು. ೧೯೬೮ರಲ್ಲಿ ಅದು ವಾಯುದಳವನ್ನು ಸೇರಿತು. ಅದರ ವೇಗ ಗಂಟೆಗೆ ಸುಮಾರು ೭೦೦ ಕಿಲೋಮೀಟರು. ಎಚ್‌ಟಿ-೨ರಲ್ಲಿ ಗುರುಶಿಷ್ಯರು ಒಬ್ಬರ ಹಿಂದೆ ಒಬ್ಬರು ಕುಳಿತರೆ, ಕಿರಣದಲ್ಲಿ ಅಕ್ಕಪಕ್ಕ ಕುಳಿತರು. 'ಉಪನಿಷತ್' ಎಂಬ ಶಬ್ದದಲ್ಲಿ ಹತ್ತಿರ ಕುಳಿತುಕೊಳ್ಳುವುದೆಂಬ ಅರ್ಥವಿದೆಯಲ್ಲವೆ? ಹತ್ತಿರ ಕುಳಿತ ಗುರುವಿಗೆ ಶಿಷ್ಯನ ಕೈ ನಡುಗುವುದು ಕಾಣುತ್ತದೆ, ಅವನ ದೃಷ್ಟಿ ಯಾವ ಮಾಪಕದ ಮೇಲೆ ಬಿದ್ದಿಲ್ಲವೆಂಬುದೂ ಕಾಣುತ್ತದೆ. ತಪ್ಪು ಅಪಘಾತವಾಗುವ ಮೊದಲೇ ತಿದ್ದಬಹುದು.

ಆದರೂ ಈ ವಿದ್ಯೆ ನಿರಪಾಯವಾದುದಲ್ಲ. ಕಿರಣವನ್ನು ಮೊದಲು ಹಾರಿಸಿದ ದಾಸರೇ ೧೯೭೦ರ ಜನವರಿ ೧೦ರಂದು 'ಮಾರುತ' ಯುದ್ಧವಿಮಾನವನ್ನು ಪರೀಕ್ಷಿಸುವಾಗ ಮಡಿದರು. ಬೆಂಗಳೂರಿನ ಒಂದು ರಸ್ತೆ ಇಂದಿಗೂ ಅವರ ಹೆಸರನ್ನು ಹೊತ್ತಿದೆ.

೧೯೯೬ರಲ್ಲಿ ಬೀದರದಲ್ಲಿ 'ಸೂರ್ಯಕಿರಣ' ತಂಡ ಹುಟ್ಟಿತು. ಕೆಂಪು-ಬಿಳಿ ಬಣ್ಣ ತೊಟ್ಟ ಒಂಬತ್ತು ಕಿರಣಗಳು ಆಕಾಶದಲ್ಲಿ ಒಂದಾಗಿ ಹೊರಳುವುದನ್ನು ಕಂಡವರು ಮರೆಯಲಾರರು. ೨೦೦೯ರಲ್ಲಿ ಆರಂಭಿಕ ತರಬೇತಿಯ 'ಎಚ್‌ಪಿಟಿ-೩೨' ವಿಮಾನಗಳ ಹಾರಾಟ ನಿಂತಿತು. ಹೊಸಬರಿಗೆ ಕಲಿಸಲು ವಿಮಾನಗಳು ಸಾಲದಾದವು. ಆಗ ೨೦೧೧ರಲ್ಲಿ ತಂಡವು ಪ್ರದರ್ಶನವನ್ನು ನಿಲ್ಲಿಸಿತು. ಕಿರಣಗಳು ಜಾತ್ರೆ ಬಿಟ್ಟು ಶಾಲೆಗೆ ಮರಳಿದವು. ೨೦೧೫ರಲ್ಲಿ ತಂಡ ಮತ್ತೆ ಎದ್ದಿತಾದರೂ ಅದರ ವಿಮಾನ ಬೇರೆ, 'ಹಾಕ್'. ಚಪ್ಪಾಳೆಯನ್ನು ಬಿಟ್ಟು ಪಾಠಕ್ಕೆ ಹಿಂದಿರುಗಿದ ಆ ನಡೆಯನ್ನು ಈ ಮಾಸ್ತರನು ಕಿರಣದ ಚರಿತ್ರೆಯಲ್ಲಿಯೇ ದೊಡ್ಡದೆಂದು ಎಣಿಸುತ್ತಾನೆ.

ಇಂತಹ ಹಳೆಯ ವಿಮಾನಗಳನ್ನು ಪ್ರೀತಿಸುವ ಹವ್ಯಾಸಿಗಳುಂಟು. ಯಲಹಂಕದ ವೈಮಾನಿಕ ಪ್ರದರ್ಶನಕ್ಕೆ ದುರ್ಬೀನು ಹಿಡಿದು ಬರುತ್ತಾರೆ. ಬಾಲದ ಮೇಲಿನ ಸಂಖ್ಯೆಯನ್ನು ಬರೆದುಕೊಳ್ಳುತ್ತಾರೆ. ನೋಡಿ ನಗುವವರೂ ಇದ್ದಾರೆ. ಆದರೆ ಶಾಸನದ ಸವೆದ ಅಕ್ಷರವನ್ನು ಬೆರಳಿನಿಂದ ತಡವಿ ಓದುವವನ ಕೆಲಸಕ್ಕೂ ಇದಕ್ಕೂ ಭೇದವೇನು? ಎರಡೂ ಮರೆವಿನೊಡನೆ ಮಾಡುವ ಕಾಳಗವೇ.

ಬೆಂಗಳೂರಿನಲ್ಲಿ ೨೦೦೧ರಲ್ಲಿ ತೆರೆದ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಎಚ್‌ಟಿ-೨, ಕಿರಣ, ಮಾರುತಗಳು ನಿಂತಿವೆ. ಮಕ್ಕಳನ್ನು ಕರೆದುಕೊಂಡು ಹೋದಾಗ ಅವರು ಯುದ್ಧವಿಮಾನದ ಕಡೆಗೇ ಓಡುವುದು ಸಹಜ, ಓಡಲಿ. ಬಳಿಕ ಕಿರಣದ ಬಳಿಗೆ ಕರೆತಂದು ಆ ಜೋಡಿ ಪೀಠಗಳ ಕಥೆಯನ್ನು ಹೇಳಿರಿ. ಒಂದರಲ್ಲಿ ಕಲಿಯುವವನು, ಇನ್ನೊಂದರಲ್ಲಿ ಅವನ ತಪ್ಪಿಗೆ ತನ್ನ ಪ್ರಾಣವನ್ನೂ ಒಡ್ಡಿ ಕುಳಿತವನು.