ಹೈಡ್ ಮಾಡಿದರೆ ಮರೆಯಾಗುತ್ತದೆಯೇ? ಹಂಚಿಕೊಂಡ ಸ್ಪ್ರೆಡ್‌ಶೀಟ್‌ಗಳಲ್ಲಿ ಗೋಪ್ಯತೆಯ ಅರ್ಧ ಶತಮಾನ

ಯಾವುದೇ ಕಚೇರಿಯ ನೌಕರರ ಎಕ್ಸೆಲ್ ಶೀಟ್ ತೆರೆದರೆ ಹೆಸರು, ಹುದ್ದೆ, ಫೋನ್ ನಂಬರು, ಮೂಲ ವೇತನ, ಬ್ಯಾಂಕ್ ಖಾತೆ, ಕೆಲವೊಮ್ಮೆ ರಕ್ತದ ಗುಂಪು ಕೂಡ ಸಾಲಾಗಿ ಕಾಣುತ್ತವೆ. ವರ್ಗಾವಣೆ ನೋಡಿಕೊಳ್ಳುವವರಿಗೆ ಹುದ್ದೆ ಬೇಕು, ಸಂಬಳ ಬೇಡ. ಲೆಕ್ಕಪತ್ರ ವಿಭಾಗಕ್ಕೆ ಸಂಬಳ ಬೇಕು, ರಕ್ತದ ಗುಂಪು ಬೇಡ. ಫೈಲ್ ಮಾತ್ರ ಒಂದೇ. ಈ ಒಂದೇ ಫೈಲಿನೊಳಗೆ ಯಾರಿಗೆ ಎಷ್ಟು ಕಾಣಬೇಕೆಂದು ನಿರ್ಧರಿಸಬಹುದೇ? ಡೇಟಾಬೇಸ್ ಪರಿಣತರು ಇಂಥ ಪ್ರಶ್ನೆಗೆ 1970ರ ದಶಕದಲ್ಲೇ ಉತ್ತರ ಕಂಡುಕೊಂಡಿದ್ದರು. ಸ್ಪ್ರೆಡ್‌ಶೀಟ್ ಆ ಉತ್ತರವನ್ನು ಪಕ್ಕಕ್ಕಿಟ್ಟು ತನ್ನದೇ ದಾರಿ ಹಿಡಿಯಿತು. ಅದರ ಫಲವನ್ನು ಪೊಲೀಸರಿಂದ ಹಿಡಿದು ರಕ್ಷಣಾ ಇಲಾಖೆಯವರೆಗೆ ಅನೇಕರು ಉಂಡಿದ್ದಾರೆ.

ಕೊಡುವ ಮೊದಲೇ ಸೋಸುವ ವಿದ್ಯೆ

ಯಾರು, ಯಾವ ವಸ್ತುವಿನ ಮೇಲೆ, ಏನು ಮಾಡಬಹುದು ಎಂಬುದನ್ನು ಒಂದು ಕೋಷ್ಟಕವಾಗಿ ಬರೆದಿಡಬಹುದೆಂದು ಬಟ್ಲರ್ ಲ್ಯಾಂಪ್‌ಸನ್ 1971ರಲ್ಲಿ ತೋರಿಸಿದರು. ಅಡ್ಡಸಾಲಿನಲ್ಲಿ ಬಳಕೆದಾರರು, ಕಂಬಸಾಲಿನಲ್ಲಿ ಫೈಲುಗಳು, ಎರಡೂ ಕೂಡುವ ಮನೆಯಲ್ಲಿ ‘ಓದಬಹುದು’, ‘ಬರೆಯಬಹುದು’ ಎಂಬ ಅನುಮತಿ. 1975ರಲ್ಲಿ ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ ಬರೆದ ಪ್ರಬಂಧ ಈ ಕ್ಷೇತ್ರದ ಮೂಲಪಾಠವೆನಿಸಿತು. ಅದರಲ್ಲಿನ ಎರಡು ಸೂತ್ರಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡಬೇಕು ಎಂಬುದು ಒಂದು. ಅನುಮತಿ ಕೊಟ್ಟಿಲ್ಲವೆಂದರೆ ‘ಇಲ್ಲ’ ಎಂದೇ ಅರ್ಥ ಎಂಬುದು ಇನ್ನೊಂದು.

ಇದನ್ನು ಡೇಟಾಬೇಸ್‌ಗೆ ಇಳಿಸುವ ಕೆಲಸ ಎರಡು ಕಡೆ ನಡೆಯಿತು. ಬರ್ಕ್ಲಿಯ ಇಂಗ್ರೆಸ್ ಯೋಜನೆಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಮತ್ತು ಯೂಜಿನ್ ವಾಂಗ್ 1974ರಲ್ಲಿ ಒಂದು ಜಾಣ ಉಪಾಯ ಮುಂದಿಟ್ಟರು. ಬಳಕೆದಾರ ಏನೇ ಕೇಳಲಿ, ವ್ಯವಸ್ಥೆ ಆ ಪ್ರಶ್ನೆಗೆ ತಾನೇ ಒಂದು ಷರತ್ತು ಸೇರಿಸುತ್ತದೆ. ಶಾಖಾ ಮುಖ್ಯಸ್ಥ ‘ಎಲ್ಲರ ಸಂಬಳ ತೋರಿಸು’ ಎಂದರೆ, ಒಳಗೆ ಅದು ‘ಈ ಶಾಖೆಯವರ ಸಂಬಳ ತೋರಿಸು’ ಎಂದು ಬದಲಾಗುತ್ತದೆ. ಐಬಿಎಂನ ಸಿಸ್ಟಂ ಆರ್ ಯೋಜನೆಯಲ್ಲಿ ಪೆಟ್ರೀಷಿಯಾ ಗ್ರಿಫಿತ್ಸ್ ಮತ್ತು ಬ್ರಾಡ್‌ಫರ್ಡ್ ವೇಡ್ 1976ರಲ್ಲಿ ಅನುಮತಿ ಕೊಡುವ, ಹಿಂಪಡೆಯುವ ಕ್ರಮವನ್ನು ರೂಪಿಸಿದರು. ಇಂದಿಗೂ ಎಸ್‌ಕ್ಯುಎಲ್ ಬಳಸುವವರಿಗೆ ಪರಿಚಿತವಾದ ‘ಗ್ರ್ಯಾಂಟ್’, ‘ರಿವೋಕ್’ ಆಜ್ಞೆಗಳ ಬೇರು ಅಲ್ಲಿದೆ. ಇಂಗ್ರೆಸ್‌ನ ಉಪಾಯದಂಥ ಸಾಲುಮಟ್ಟದ ಭದ್ರತೆ 1999ರಲ್ಲಿ ಒರಾಕಲ್‌ಗೆ ಬಂತು, 2016ರ ಹೊತ್ತಿಗೆ ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯುಎಲ್ ಸರ್ವರ್‌ಗಳಿಗೂ ಬಂತು.

ಇವೆಲ್ಲದರ ತಿರುಳು ಒಂದೇ: ಅನುಮತಿಯಿಲ್ಲದ ಮಾಹಿತಿ ಸರ್ವರ್ ಬಿಟ್ಟು ಹೊರಡುವುದೇ ಇಲ್ಲ. ಡೇಟಾಬೇಸ್ ನಿಮ್ಮ ಪಾಲಿನದ್ದನ್ನಷ್ಟೇ ಬಡಿಸುತ್ತದೆ. ಸ್ಪ್ರೆಡ್‌ಶೀಟ್ ಇಡೀ ಪಾತ್ರೆಯನ್ನೇ ಎದುರಿಗಿಟ್ಟು, ಬೇಡದ್ದರ ಮೇಲೆ ತಟ್ಟೆ ಮುಚ್ಚುತ್ತದೆ.

ಒಬ್ಬರ ಮೇಜಿನ ಸಾಧನ

ಹೀಗಾಗಲು ಕಾರಣ ಅದರ ಹುಟ್ಟಿನಲ್ಲಿದೆ. ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ತಂದ ವಿಸಿಕ್ಯಾಲ್ಕ್ ಒಬ್ಬ ವ್ಯಕ್ತಿ ತನ್ನ ಮೇಜಿನ ಮೇಲೆ ಬಳಸುವ ಲೆಕ್ಕದ ಸಾಧನವಾಗಿತ್ತು. 1983ರ ಲೋಟಸ್ 1-2-3, 1985ರಲ್ಲಿ ಮ್ಯಾಕಿಂಟಾಷ್‌ಗೆ ಬಂದ ಎಕ್ಸೆಲ್ ಅದೇ ಜಾಡಿನವು. ಫೈಲಿನ ಒಡೆಯ, ಓದುಗ, ತಿದ್ದುವವ ಮೂವರೂ ಒಬ್ಬನೇ ಆಗಿರುವಾಗ ಯಾರಿಂದ ಏನನ್ನು ಮುಚ್ಚಿಡಬೇಕು? ಆ ಕಾಲದ ‘ಪ್ರೊಟೆಕ್ಷನ್’ ಸೌಲಭ್ಯ ಇದ್ದದ್ದು ಸೂತ್ರದ ಮೇಲೆ ಅಪ್ಪಿತಪ್ಪಿ ಅಂಕಿ ಟೈಪಿಸಿ ಕೆಡಿಸದಿರಲಿ ಎಂಬ ಉದ್ದೇಶಕ್ಕೆ.

ಈ ಹುಟ್ಟುಗುಣ ಹೋಗಲೇ ಇಲ್ಲ. ಕಚೇರಿಗಳು ಶೀಟುಗಳನ್ನು ಹಂಚಿಕೊಳ್ಳತೊಡಗಿದಾಗ ಸೌಲಭ್ಯಗಳು ಬೆಳೆದದ್ದು ಬರೆಯುವ ಅಧಿಕಾರವನ್ನು ಹಂಚುವ ದಿಕ್ಕಿನಲ್ಲಿ. ಇಂಥ ಸೆಲ್‌ಗಳನ್ನು ಇಂಥವರು ಮಾತ್ರ ತಿದ್ದಬಹುದು ಎಂದು ಗೊತ್ತುಮಾಡುವುದು ಸುಲಭವಾಯಿತು. ಓದುವ ಅಧಿಕಾರ ಮಾತ್ರ ಇಡಿಯಾಗಿಯೇ ಉಳಿಯಿತು: ಫೈಲ್ ತೆರೆಯಬಲ್ಲವನು ಎಲ್ಲವನ್ನೂ ಓದಬಲ್ಲ. ಇದರ ಹಿಂದೆ ತಾಂತ್ರಿಕ ಕಾರಣವೂ ಉಂಟು. ಸೂತ್ರಗಳ ಲೆಕ್ಕ ನಡೆಯುವುದು ಓದುಗನ ಕಂಪ್ಯೂಟರಿನಲ್ಲಿ. ಸಂಬಳದ ಕಾಲಂ ಅಲ್ಲಿಗೆ ತಲುಪದಿದ್ದರೆ ಕೆಳಗಿನ ಮೊತ್ತವನ್ನು ಅದು ಮತ್ತೆ ಲೆಕ್ಕಹಾಕುವಂತಿಲ್ಲ.

ಇದಕ್ಕೆ ಅಪವಾದವೊಂದಿತ್ತು. ಮೈಕ್ರೋಸಾಫ್ಟ್‌ನ ಶೇರ್‌ಪಾಯಿಂಟ್ 2007ರೊಂದಿಗೆ ಬಂದ ಎಕ್ಸೆಲ್ ಸರ್ವಿಸಸ್‌ನಲ್ಲಿ ಲೆಕ್ಕ ಸರ್ವರಿನಲ್ಲೇ ನಡೆದು, ಆಯ್ದ ಹಾಳೆಗಳಷ್ಟೇ ಬ್ರೌಸರಿನಲ್ಲಿ ಕಾಣುತ್ತಿದ್ದವು. ಮೂಲ ಫೈಲ್ ಓದುಗನ ಕೈಗೆ ಸಿಗದಂತೆ ಮಾಡಬಹುದಿತ್ತು. ಆದರೆ ದಿನನಿತ್ಯದ ಬಳಕೆ ಆ ಕಡೆ ಹೊರಳಲಿಲ್ಲ. ಫೈಲನ್ನು ಇಮೇಲ್‌ಗೆ ಲಗತ್ತಿಸಿ ಕಳಿಸುವ ಅಭ್ಯಾಸ ಆಗಲೇ ಬೇರೂರಿತ್ತು.

ಪಾಸ್‌ವರ್ಡಿನಲ್ಲೂ ಎರಡು ಜಾತಿ

ಎಕ್ಸೆಲ್‌ನಲ್ಲಿ ಪಾಸ್‌ವರ್ಡ್ ಕೇಳುವ ಜಾಗಗಳು ಹಲವು. ಅವುಗಳ ಬಲದಲ್ಲಿರುವ ಅಂತರ ಬಳಕೆದಾರರ ಕಣ್ಣಿಗೆ ಬೀಳುವುದಿಲ್ಲ. ಹಾಳೆಯನ್ನು ‘ಪ್ರೊಟೆಕ್ಟ್’ ಮಾಡುವ ಪಾಸ್‌ವರ್ಡನ್ನು ಹಳೆಯ ಆವೃತ್ತಿಗಳು ಕೇವಲ 16 ಬಿಟ್‌ನ ಹ್ಯಾಷ್ ಆಗಿ, ಅಂದರೆ ಪಾಸ್‌ವರ್ಡಿನಿಂದ ಲೆಕ್ಕಹಾಕಿದ ಪುಟ್ಟ ಸಂಖ್ಯೆಯಾಗಿ, ಇಡುತ್ತಿದ್ದವು. ಅಸಂಖ್ಯ ಪಾಸ್‌ವರ್ಡ್‌ಗಳಿಗೆ ಅದೇ ಹ್ಯಾಷ್ ಬರುವುದರಿಂದ ಮೂಲ ಪಾಸ್‌ವರ್ಡ್ ಗೊತ್ತಿರುವ ಅಗತ್ಯವೇ ಇರಲಿಲ್ಲ. ‘ಎ’, ‘ಬಿ’ ಅಕ್ಷರಗಳನ್ನು ಅದಲುಬದಲು ಜೋಡಿಸಿ ನೋಡುವ ಪುಟ್ಟ ಮ್ಯಾಕ್ರೋ ಒಂದು ಹಾಳೆಯನ್ನು ಬಿಚ್ಚಿಬಿಡುತ್ತಿತ್ತು. 2007ರ ನಂತರದ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್ ವಾಸ್ತವದಲ್ಲಿ ಒಂದು ಜಿಪ್ ಕಟ್ಟು. ಅದನ್ನು ಬಿಡಿಸಿ, ಒಳಗಿನ ಎಕ್ಸ್‌ಎಂಎಲ್‌ನಲ್ಲಿ ರಕ್ಷಣೆಯ ಟ್ಯಾಗ್ ಅಳಿಸಿದರೆ ಸಾಕು, ಹ್ಯಾಷ್ ಎಷ್ಟೇ ಗಟ್ಟಿಯಾಗಿದ್ದರೂ ಹಾಳೆ ತೆರೆದುಕೊಳ್ಳುತ್ತದೆ. ಮೆನುವಿನಲ್ಲಿ ಹೆಸರೇ ತೋರದ ‘ವೆರಿ ಹಿಡನ್’ ಹಾಳೆಯ ಕಥೆಯೂ ಇಷ್ಟೇ. ಹಾಳೆಯ ರಕ್ಷಣೆಯನ್ನು ಭದ್ರತಾ ಸೌಲಭ್ಯವೆಂದು ತಿಳಿಯಬಾರದೆಂದು ಮೈಕ್ರೋಸಾಫ್ಟೇ ಹೇಳುತ್ತದೆ.

ಫೈಲ್ ತೆರೆಯಲು ಕೇಳುವ ಪಾಸ್‌ವರ್ಡ್ ಬೇರೆ ಜಾತಿಯದು. ಅದು ಇಡೀ ಫೈಲನ್ನು ಎನ್‌ಕ್ರಿಪ್ಟ್ ಮಾಡುತ್ತದೆ. ಎಕ್ಸೆಲ್ 97ರಿಂದ 2003ರವರೆಗೆ ರೂಢಿಯಲ್ಲಿದ್ದ 40 ಬಿಟ್ ಕೀಲಿ ದುರ್ಬಲವಾಗಿತ್ತು. 2007ರಲ್ಲಿ 128 ಬಿಟ್ ಎಇಎಸ್ ಬಂತು. ಜೊತೆಗೆ ಪಾಸ್‌ವರ್ಡನ್ನು 50,000 ಸುತ್ತು ಹ್ಯಾಷ್ ಮಾಡುವ ಕ್ರಮ ಸೇರಿತು. 2010ರಲ್ಲಿ ಅದು 1,00,000 ಸುತ್ತಾಯಿತು. ಊಹಿಸಲಾಗದ ಪಾಸ್‌ವರ್ಡ್ ಇಟ್ಟರೆ ಇದು ನಿಜವಾಗಿಯೂ ಗಟ್ಟಿ. ಆದರೆ ಇದು ಇಡೀ ಫೈಲಿಗೆ ಹಾಕುವ ಬೀಗ. ಗುಮಾಸ್ತರಿಗೆ ಒಂದು ಕಾಲಂ, ಲೆಕ್ಕಿಗರಿಗೆ ಇನ್ನೊಂದು ಎಂಬ ನಮ್ಮ ಮೊದಲಿನ ಅಗತ್ಯಕ್ಕೆ ಇದು ಒದಗುವುದಿಲ್ಲ.

ಲಿಂಕ್‌ಗಳ ಕಾಲ

2006ರ ಜೂನ್‌ನಲ್ಲಿ ಗೂಗಲ್ ತನ್ನ ಸ್ಪ್ರೆಡ್‌ಶೀಟನ್ನು ಬ್ರೌಸರಿಗೆ ತಂದಿತು. ಫೈಲನ್ನು ಕಳಿಸುವ ಬದಲು ಲಿಂಕ್ ಕಳಿಸುವ ಪದ್ಧತಿ ಶುರುವಾಯಿತು. ಇದರಿಂದ ದೊಡ್ಡ ಲಾಭವೊಂದಾಯಿತು: ಕೊಟ್ಟ ಅನುಮತಿಯನ್ನು ಹಿಂದಕ್ಕೆ ಪಡೆಯಬಹುದು. ಜೊತೆಗೆ ಹೊಸ ಅಪಾಯವೂ ಬಂತು. ‘ಲಿಂಕ್ ಇರುವ ಯಾರಾದರೂ’ ಎಂಬ ಆಯ್ಕೆಯಲ್ಲಿ ಲಿಂಕೇ ಕೀಲಿಕೈ. ಅದು ವಾಟ್ಸ್‌ಆ್ಯಪ್ ಗುಂಪಿಗೆ ಬಿತ್ತೆಂದರೆ ನೋಡಿದವರು ಯಾರೆಂಬ ಲೆಕ್ಕ ಸಿಗುವುದಿಲ್ಲ. ಅನುಮತಿ ಕೊಡದಿದ್ದರೆ ‘ಇಲ್ಲ’ ಎಂಬ 1975ರ ಸೂತ್ರ ಇಲ್ಲಿ ಒಂದೇ ಕ್ಲಿಕ್‌ನಲ್ಲಿ ತಿರುವುಮುರುವಾಗುತ್ತದೆ.

ಒಳಗಿನ ಕಥೆ ಹೆಚ್ಚು ಬದಲಾಗಲಿಲ್ಲ. ಗೂಗಲ್ ಶೀಟ್ಸ್‌ನ ‘ಪ್ರೊಟೆಕ್ಟೆಡ್ ರೇಂಜ್’ ಕೂಡ ತಿದ್ದುವುದನ್ನಷ್ಟೇ ತಡೆಯುತ್ತದೆ. ಅದನ್ನು ಭದ್ರತೆಗಾಗಿ ನೆಚ್ಚಬೇಡಿ, ನಂಬಿಕೆಯಿರುವವರ ಜೊತೆ ಮಾತ್ರ ಶೀಟ್ ಹಂಚಿಕೊಳ್ಳಿ ಎಂಬುದು ಕಂಪನಿಯದೇ ಸೂಚನೆ. ಹಾಗಾಗಿ ಬಳಕೆದಾರರು ಒಂದು ಉಪಾಯ ಹೂಡಿದರು: ಮೂಲ ಶೀಟನ್ನು ತಮ್ಮಲ್ಲೇ ಇಟ್ಟುಕೊಂಡು, ಬೇಕಾದ ಕಾಲಂಗಳನ್ನಷ್ಟೇ ‘ಇಂಪೋರ್ಟ್‌ರೇಂಜ್’ ಸೂತ್ರದಿಂದ ಇನ್ನೊಂದು ಶೀಟಿಗೆ ಎಳೆದು, ಅದನ್ನು ಹಂಚುವುದು. ನೋಡಲಷ್ಟೇ ಅನುಮತಿ ಇರುವವರಿಗೆ ಇದು ತಕ್ಕಮಟ್ಟಿಗೆ ಸರಿ. ಎರಡನೇ ಶೀಟನ್ನು ತಿದ್ದುವ ಅನುಮತಿ ಕೊಟ್ಟರೆ ಮಾತ್ರ ಕೆಲಸ ಕೆಟ್ಟಂತೆ. ಒಮ್ಮೆ ಎರಡೂ ಶೀಟುಗಳ ನಡುವೆ ಸಂಪರ್ಕ ಒಪ್ಪಿದ ಮೇಲೆ ಅಲ್ಲಿನ ಯಾವ ಸಂಪಾದಕನೂ ಮೂಲ ಶೀಟಿನ ಯಾವ ಭಾಗವನ್ನಾದರೂ ಎಳೆದುಕೊಳ್ಳಬಲ್ಲ.

ಕಾಣದ ಸಾಲುಗಳಿಗೆ ತೆತ್ತ ಬೆಲೆ

ಮರೆಮಾಡಿದ್ದೇ ಬಯಲಾದ ಪ್ರಕರಣಗಳು ಬ್ರಿಟನ್‌ನಲ್ಲಿ ಚೆನ್ನಾಗಿ ದಾಖಲಾಗಿವೆ. ಅಲ್ಲಿನ ಮಾಹಿತಿ ಆಯುಕ್ತರ ಕಚೇರಿ ದಂಡ ವಿಧಿಸಿದ ಪ್ರಕರಣಗಳನ್ನು ವಿವರವಾಗಿ ಪ್ರಕಟಿಸುವುದು ಅದಕ್ಕೊಂದು ಕಾರಣ. 2012ರಲ್ಲಿ ಲಂಡನ್ನಿನ ಇಸ್ಲಿಂಗ್ಟನ್ ಸ್ಥಳೀಯಾಡಳಿತ ಮಾಹಿತಿ ಹಕ್ಕಿನ ಅರ್ಜಿಯೊಂದಕ್ಕೆ ಪಿವೊಟ್ ಟೇಬಲ್ ಕಳಿಸಿತು. ಮೇಲೆ ಕಂಡದ್ದು ಮೊತ್ತಗಳಷ್ಟೇ. ಅವುಗಳ ಹಿಂದೆ 2,000ಕ್ಕೂ ಹೆಚ್ಚು ನಿವಾಸಿಗಳ ವೈಯಕ್ತಿಕ ವಿವರ ಕುಳಿತಿತ್ತು. ಮರುವರ್ಷ 70,000 ಪೌಂಡ್ ದಂಡ ಬಿತ್ತು.

ಪಾಠ ಹರಡಲಿಲ್ಲ. 2023ರ ಆಗಸ್ಟ್ 8ರಂದು ಉತ್ತರ ಐರ್ಲೆಂಡ್ ಪೊಲೀಸರು ಅಂಥದ್ದೇ ಅರ್ಜಿಗೆ ಉತ್ತರ ಕೊಟ್ಟರು. ಅರ್ಜಿದಾರ ಕೇಳಿದ್ದು ಪ್ರತಿ ದರ್ಜೆಯಲ್ಲಿ ಎಷ್ಟು ಜನರಿದ್ದಾರೆಂಬುದನ್ನು. ಕಳಿಸಿದ ಫೈಲಿನ ಮರೆಯಾದ ಟ್ಯಾಬ್‌ನಲ್ಲಿ 9,483 ಅಧಿಕಾರಿ ಮತ್ತು ಸಿಬ್ಬಂದಿಯ ಉಪನಾಮ, ಹೆಸರಿನ ಮೊದಲಕ್ಷರ, ದರ್ಜೆ, ಕೆಲಸದ ಸ್ಥಳ ಎಲ್ಲವೂ ಇದ್ದವು. ಪೊಲೀಸನೆಂಬ ಗುರುತು ಸಿಕ್ಕರೆ ಜೀವಕ್ಕೇ ಕುತ್ತು ಬರುವ ನಾಡು ಅದು. ಉತ್ತರ ಪ್ರಕಟವಾದ ಜಾಲತಾಣದಲ್ಲಿ ಫೈಲ್ ಇದ್ದದ್ದು ಕೆಲವೇ ಗಂಟೆ. ಅಷ್ಟರಲ್ಲೇ ಮಾಹಿತಿ ಸಶಸ್ತ್ರ ಗುಂಪುಗಳ ಕೈಸೇರಿತೆಂದು ಪೊಲೀಸರೇ ಒಪ್ಪಿದರು. 2024ರಲ್ಲಿ 7,50,000 ಪೌಂಡ್ ದಂಡ ವಿಧಿಸಲಾಯಿತು.

ಇದಕ್ಕಿಂತ ಭೀಕರವಾದದ್ದು 2025ರ ಜುಲೈನಲ್ಲಿ ನ್ಯಾಯಾಲಯದ ನಿರ್ಬಂಧ ತೆರವಾದಾಗ ಹೊರಬಿತ್ತು. ತಾಲಿಬಾನ್‌ಗೆ ಹೆದರಿ ಬ್ರಿಟನ್ನಿನ ಆಶ್ರಯ ಕೇಳಿದ್ದ ಅಫ್ಗನ್ನರ ಪಟ್ಟಿಯನ್ನು 2022ರ ಫೆಬ್ರವರಿಯಲ್ಲಿ ರಕ್ಷಣಾ ಇಲಾಖೆಯ ಸಿಬ್ಬಂದಿಯೊಬ್ಬರು ಇಮೇಲ್ ಮಾಡಿದ್ದರು. ಫೈಲಿನಲ್ಲಿ ಸುಮಾರು 150 ಸಾಲುಗಳಿವೆ ಎಂಬುದು ಅವರ ಎಣಿಕೆ. ಇದ್ದದ್ದು 33,000. ಸುಮಾರು 19,000 ಅರ್ಜಿದಾರರ ವಿವರ ಸೋರಿತು. ಅವರಲ್ಲಿ ಹಲವರನ್ನು ಕರೆತರಲು ಸರ್ಕಾರ ಗುಟ್ಟಾಗಿ ಪ್ರತ್ಯೇಕ ಯೋಜನೆಯನ್ನೇ ರೂಪಿಸಬೇಕಾಯಿತು.

ಉತ್ತರ ಐರ್ಲೆಂಡ್ ಪ್ರಕರಣದ ನಂತರ ಮಾಹಿತಿ ಆಯುಕ್ತರ ಕಚೇರಿ ಕೊಟ್ಟ ಸಲಹೆ ಸರಳವಾಗಿತ್ತು. ಮಾಹಿತಿ ಹಕ್ಕಿನ ಉತ್ತರವಾಗಿ ಮೂಲ ಸ್ಪ್ರೆಡ್‌ಶೀಟನ್ನು ಜಾಲತಾಣಕ್ಕೆ ಏರಿಸಬೇಡಿ, ಸಿಎಸ್‌ವಿಗೆ ಬದಲಾಯಿಸಿ ಕೊಡಿ. ಸಿಎಸ್‌ವಿ ಬರೀ ಪಠ್ಯ. ಅದರಲ್ಲಿ ಮರೆಮಾಡಿದ ಟ್ಯಾಬ್ ಇಲ್ಲ, ಪಿವೊಟ್‌ನ ಹಿಂದಿನ ದಾಸ್ತಾನೂ ಇಲ್ಲ. ಇದ್ದದ್ದೆಲ್ಲ ಕಣ್ಣಿಗೆ ಕಾಣುತ್ತದೆ.

ಕೂಡಿ ಕಳೆದರೆ ಸಿಗುವ ಗುಟ್ಟು

ಕಾಲಂ ಕಿತ್ತುಹಾಕಿದರೂ ಮುಗಿಯಲಿಲ್ಲ. ಐವರು ಇರುವ ವಿಭಾಗದ ಒಟ್ಟು ಸಂಬಳ ಪ್ರಕಟವಾಗಿದ್ದು, ನಾಲ್ವರದು ಗೊತ್ತಿದ್ದರೆ ಐದನೆಯವರದನ್ನು ಮುಚ್ಚಿಟ್ಟು ಫಲವೇನು? ಮೊತ್ತಗಳನ್ನಷ್ಟೇ ಕೊಡುವ ಡೇಟಾಬೇಸ್‌ನಿಂದಲೂ ಜಾಣ ಪ್ರಶ್ನೆಗಳ ಸರಣಿಯಿಂದ ಒಬ್ಬೊಬ್ಬರ ವಿವರ ಹೆಕ್ಕಬಹುದೆಂದು ಡೊರೊತಿ ಡೆನಿಂಗ್ ಮತ್ತು ಸಂಗಡಿಗರು 1979ರಲ್ಲೇ ತೋರಿಸಿದ್ದರು. ಹೆಸರು ತೆಗೆದರೂ ಹುಟ್ಟಿದ ದಿನ, ಲಿಂಗ, ಪಿನ್‌ಕೋಡ್ ಸೇರಿದರೆ ಅಮೆರಿಕದ ಜನರಲ್ಲಿ ಶೇ. 87ರಷ್ಟು ಮಂದಿಯನ್ನು ಗುರುತಿಸಬಹುದು ಎಂಬುದು ಲತಾನ್ಯಾ ಸ್ವೀನಿ ಅವರ ಅಂದಾಜು. 2020ರ ಮಾರ್ಚ್‌ನಲ್ಲಿ ಕರ್ನಾಟಕದಲ್ಲಿ ಹೋಂ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿ ಪ್ರಕಟವಾಗಿ ಮೊಬೈಲ್‌ಗಳಲ್ಲಿ ಹರಿದಾಡಿತು. ಬೀದಿಯವರಿಗೆ ವಿಳಾಸ ಸಿಕ್ಕ ಮೇಲೆ ಹೆಸರಿನ ಅಗತ್ಯವಾದರೂ ಏನು?

ನಮ್ಮ ಕಾನೂನು, ನಮ್ಮ ಶೀಟುಗಳು

ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಸಾರಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅದೇ ವರ್ಷ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಸಂಸ್ಥೆಯ ವರದಿ, ನಾಲ್ಕು ಸರ್ಕಾರಿ ಜಾಲತಾಣಗಳಲ್ಲಿ ಸುಮಾರು 13 ಕೋಟಿ ಆಧಾರ್ ಸಂಖ್ಯೆಗಳು ಬಯಲಲ್ಲಿದ್ದುದನ್ನು ಅಂದಾಜಿಸಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಡಿ ಸೂಕ್ತ ಭದ್ರತಾ ಕ್ರಮ ಕೈಗೊಳ್ಳದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ವಿಧಿಸಬಹುದು. 2025ರ ನವೆಂಬರ್‌ನಲ್ಲಿ ಬಂದ ನಿಯಮಗಳು ಎನ್‌ಕ್ರಿಪ್ಷನ್, ಮಾಸ್ಕಿಂಗ್, ಪ್ರವೇಶ ನಿಯಂತ್ರಣ, ಯಾರು ನೋಡಿದರೆಂಬ ಲಾಗ್ ಇವನ್ನು ಸ್ಪಷ್ಟವಾಗಿ ಹೆಸರಿಸುತ್ತವೆ. ಇಮೇಲ್‌ನಲ್ಲಿ ಓಡಾಡುವ ಎಕ್ಸೆಲ್ ಫೈಲ್ ತನ್ನನ್ನು ಯಾರು ನೋಡಿದರೆಂಬ ಲಾಗ್ ಇಡುವುದಿಲ್ಲ. ಹಾಗಾಗಿ ನಮ್ಮ ಎಷ್ಟೋ ಕಚೇರಿಗಳ ರೂಢಿಗೂ ಕಾನೂನಿನ ಅಪೇಕ್ಷೆಗೂ ನಡುವೆ ದೊಡ್ಡ ಕಂದಕವಿದೆ.

ಇಷ್ಟು ವರ್ಷಗಳ ಅನುಭವದಿಂದ ಕೆಲವು ಕೆಲಸದ ನಿಯಮಗಳನ್ನು ಹೊರತೆಗೆಯಬಹುದು. ಸ್ಪ್ರೆಡ್‌ಶೀಟ್ ಫೈಲನ್ನು ಒಡೆಯಲಾಗದ ಘಟಕವೆಂದೇ ಭಾವಿಸಬೇಕು: ಕೊಟ್ಟರೆ ಪೂರ್ತಿ ಕೊಟ್ಟಂತೆ. ಓದುಗರು ಎರಡು ಬಗೆಯವರಾದರೆ ಫೈಲುಗಳೂ ಎರಡಾಗಬೇಕು. ಎರಡನೆಯದನ್ನು ಮೂಲದಿಂದ ಅಳಿಸುತ್ತ ಬರಬಾರದು. ಖಾಲಿ ಫೈಲಿಗೆ ಬೇಕಾದ ಮೌಲ್ಯಗಳನ್ನಷ್ಟೇ ಅಂಟಿಸಿ ಕಟ್ಟಬೇಕು. ಅಳಿಸುವಾಗ ಮರೆತದ್ದು ಸೋರುತ್ತದೆ, ಸೇರಿಸುವಾಗ ಮರೆತದ್ದನ್ನು ಯಾರಾದರೂ ಕೇಳಿ ಪಡೆಯುತ್ತಾರೆ. ಲಿಂಕ್‌ಗಿಂತ ಹೆಸರು ಹಿಡಿದು ಅನುಮತಿ ಕೊಡುವುದು ಮೇಲು. ಓದುಗರ ಬಗೆಗಳು ಐದಾರಕ್ಕೆ ಏರಿದರೆ ಸ್ಪ್ರೆಡ್‌ಶೀಟನ್ನು ತೇಪೆ ಹಾಕಿ ಓಡಿಸುವುದನ್ನು ಬಿಟ್ಟು ಡೇಟಾಬೇಸ್‌ಗೆ ಹೋಗಬೇಕು. ಅದಕ್ಕೆ ಖರ್ಚುಂಟು, ಕಲಿಯುವ ಶ್ರಮವುಂಟು. ಆ ಖರ್ಚನ್ನು ಉಳಿಸಲು ಹೋದಾಗ ನಷ್ಟ ಬೀಳುವುದು ಫೈಲಿನ ಒಡೆಯನಿಗಿಂತ ಹೆಚ್ಚಾಗಿ, ಆ ಸಾಲುಗಳಲ್ಲಿ ಹೆಸರಿರುವವರಿಗೆ. ಶೀಟ್ ಹಂಚುವ ತೀರ್ಮಾನದಲ್ಲಿ ಅವರನ್ನು ಯಾರೂ ಕೇಳಿರುವುದಿಲ್ಲ.