ಗಣಕಯಂತ್ರದ ಜ್ವರ: ಒಂದು ಸಣ್ಣ ಚರಿತ್ರೆ



ಗಣಕಯಂತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ವೇಗದ ಕಥೆಯನ್ನು ಹೇಳುತ್ತಾರೆ. ಸೆಕೆಂಡಿಗೆ ಕೆಲವು ಸಾವಿರ ಲೆಕ್ಕ ಮಾಡುತ್ತಿದ್ದ ಯಂತ್ರ ಕೋಟಿ ಕೋಟಿ ಲೆಕ್ಕ ಮಾಡುವಂತಾಯಿತು ಎಂದು ಬೆರಗುಪಡುತ್ತಾರೆ. ಆ ಕಥೆಯ ಬೆನ್ನಿಗೆ ಅಂಟಿಕೊಂಡೇ ಬಂದಿರುವ ಇನ್ನೊಂದು ಕಥೆಯುಂಟು. ಅದು ಬಿಸಿಯ ಕಥೆ. ಯಂತ್ರವು ಎಷ್ಟು ವೇಗವಾಗಿ ದುಡಿಯಬಲ್ಲದು ಎಂಬುದು ಅದರೊಳಗಿನ ಬಿಸಿಯನ್ನು ನಾವು ಎಷ್ಟು ಬೇಗ ಹೊರಗೆ ಸಾಗಿಸಬಲ್ಲೆವು ಎಂಬುದನ್ನು ಬಹುಮಟ್ಟಿಗೆ ಅವಲಂಬಿಸಿದೆ. ನನ್ನ ಮೇಜಿನ ಕೆಳಗಿರುವ ಇಪ್ಪತ್ತು ವರ್ಷ ದಾಟಿದ ಯಂತ್ರವೊಂದು ಈ ಪಾಠವನ್ನು ನನಗೆ ಮನದಟ್ಟು ಮಾಡಿಕೊಟ್ಟಿತು. ಮೊದಲು ಚರಿತ್ರೆಯನ್ನು ಹೇಳಿ, ಆಮೇಲೆ ಆ ಯಂತ್ರದ ವಿಷಯಕ್ಕೆ ಬರುತ್ತೇನೆ.

ಹತ್ತನೆಯ ತರಗತಿಯಲ್ಲಿ ಕರಿಹಲಗೆಯ ಮೇಲೆ ಬರೆಯುತ್ತಿದ್ದ ಜೌಲನ ನಿಯಮ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ವಾಹಕದಲ್ಲಿ ಹುಟ್ಟುವ ಉಷ್ಣವು ವಿದ್ಯುತ್ ಪ್ರವಾಹದ ವರ್ಗಕ್ಕೂ, ವಾಹಕದ ರೋಧಕ್ಕೂ, ಪ್ರವಾಹ ಹರಿದ ಕಾಲಕ್ಕೂ ನೇರ ಅನುಪಾತದಲ್ಲಿರುತ್ತದೆ. ಇಂಗ್ಲೆಂಡಿನ ಮ್ಯಾಂಚೆಸ್ಟರ್ ಬಳಿಯ ಸಾಲ್ಫರ್ಡಿನಲ್ಲಿ ಬೀರು ತಯಾರಕನೊಬ್ಬನ ಮಗನಾಗಿ ಹುಟ್ಟಿದ ಜೇಮ್ಸ್ ಪ್ರೆಸ್ಕಾಟ್ ಜೌಲ್ 1840ರ ದಶಕದ ಆರಂಭದಲ್ಲಿ ಇದನ್ನು ಕಂಡುಕೊಂಡನು. ಇಸ್ತ್ರಿಪೆಟ್ಟಿಗೆಯಲ್ಲಿ ಈ ಉಷ್ಣವೇ ನಮಗೆ ಬೇಕಾದ ಫಲ. ಗಣಕದಲ್ಲಿ ಅದು ಬೇಡವಾದ ಅತಿಥಿ. ಲೆಕ್ಕ ಮುಗಿದ ಮೇಲೆ ಯಂತ್ರದೊಳಗೆ ಹೋದ ವಿದ್ಯುತ್ತೆಲ್ಲವೂ ಹೆಚ್ಚು ಕಡಿಮೆ ಬಿಸಿಯಾಗಿಯೇ ಹೊರಬರಬೇಕು. ಈ ಸುಂಕವನ್ನು ಕಟ್ಟದೆ ಯಾವ ಗಣಕವೂ ಪಾರಾಗಿಲ್ಲ.

1946ರ ಫೆಬ್ರುವರಿಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಎನಿಯಾಕ್ ಎಂಬ ಯಂತ್ರವನ್ನು ಲೋಕಕ್ಕೆ ತೋರಿಸಿದರು. ಜಾನ್ ಮಾಕ್ಲಿ ಮತ್ತು ಪ್ರೆಸ್ಪರ್ ಎಕರ್ಟ್ ಎಂಬಿಬ್ಬರು ಅದರ ರೂವಾರಿಗಳು. ಸುಮಾರು 18,000 ನಿರ್ವಾತ ನಳಿಕೆಗಳು, ಸುಮಾರು 30 ಟನ್ ತೂಕ, ಸುಮಾರು 150 ಕಿಲೋವಾಟ್ ವಿದ್ಯುತ್ತು. ಒಂದು ಕಿಲೋವಾಟಿನ ನೂರೈವತ್ತು ಇಸ್ತ್ರಿಪೆಟ್ಟಿಗೆಗಳನ್ನು ಒಂದೇ ಕೋಣೆಯಲ್ಲಿ ಕಾಯಲಿಟ್ಟರೆ ಹೇಗಿದ್ದೀತೋ ಊಹಿಸಿಕೊಳ್ಳಿ. ದೊಡ್ಡ ದೊಡ್ಡ ಬೀಸುಯಂತ್ರಗಳಿಂದ ಗಾಳಿ ನುಗ್ಗಿಸಿ ಅದನ್ನು ತಣಿಸುತ್ತಿದ್ದರು. ನಳಿಕೆಗಳು ಹೆಚ್ಚಾಗಿ ಕೆಡುತ್ತಿದ್ದುದು ಯಂತ್ರ ಕಾಯುವಾಗ ಮತ್ತು ಆರುವಾಗ. ಆದಕಾರಣ ಅದನ್ನು ಆರಿಸದೆ ನಡೆಸುವುದೇ ಮೇಲೆಂದು ಅವರು ಕಂಡುಕೊಂಡರು. ಕಾಯುವುದು, ಆರುವುದು, ಮತ್ತೆ ಕಾಯುವುದು ಎಂಬ ಈ ಚಕ್ರವನ್ನು ನೆನಪಿನಲ್ಲಿಡಿ; ಮುಂದೆ ಅದು ಮತ್ತೆ ಬರುತ್ತದೆ.

ನಮ್ಮ ದೇಶದಲ್ಲಿಯೂ ಆ ನಳಿಕೆಗಳ ಯುಗ ಬಂದು ಹೋಯಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ತಾವೇ ಕಟ್ಟಿದ ಗಣಕವು 1960ರಲ್ಲಿ ಕಾರ್ಯಾರಂಭ ಮಾಡಿತು. ಅದರಲ್ಲಿ ಸುಮಾರು 2,700 ನಳಿಕೆಗಳಿದ್ದವು. 1962ರಲ್ಲಿ ಅದಕ್ಕೆ ಟಿಫ್ರಾಕ್ ಎಂಬ ಹೆಸರಿಟ್ಟವರು ಪ್ರಧಾನಿ ನೆಹರೂ. ಅಷ್ಟರಲ್ಲಿ ಅಮೆರಿಕದಲ್ಲಿ ನಳಿಕೆಯ ಕಾಲ ಮುಗಿಯುತ್ತ ಬಂದಿತ್ತು. 1947ರ ಡಿಸೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರು ಕೆಂಡದಂತೆ ಕಾಯುವ ತಂತಿಯ ಅಗತ್ಯವನ್ನೇ ಇಲ್ಲವಾಗಿಸಿತು. 1971ರಲ್ಲಿ ಇಂಟೆಲ್ ಕಂಪನಿ ಹೊರತಂದ 4004 ಎಂಬ ಚಿಪ್ಪಿನಲ್ಲಿ 2,300 ಟ್ರಾನ್ಸಿಸ್ಟರುಗಳಿದ್ದವು; ಅದು ನುಂಗುತ್ತಿದ್ದುದು ಹೆಚ್ಚೆಂದರೆ ಒಂದು ವಾಟ್. 1981ರ ಐ.ಬಿ.ಎಂ. ಪಿ.ಸಿ.ಯ ಪ್ರೊಸೆಸರಿಗೆ, ಅಂದರೆ ಕನ್ನಡದಲ್ಲಿ ಸಂಸ್ಕಾರಕವೆನ್ನುವ ಆ ಮುಖ್ಯ ಚಿಪ್ಪಿಗೆ, ತಣಿಸುವ ಲೋಹವಾಗಲಿ ಅದರ ಮೇಲೊಂದು ಫ್ಯಾನಾಗಲಿ ಇರಲಿಲ್ಲ. ಬಿಸಿಯ ಸಮಸ್ಯೆ ತೀರಿಹೋಯಿತೆಂದು ಜನ ಭಾವಿಸಿದ್ದರೆ ಆಶ್ಚರ್ಯವಿಲ್ಲ.

ಹಾಗೆ ಭಾವಿಸಲು ಶಾಸ್ತ್ರಾಧಾರವೂ ಇತ್ತು. ಐ.ಬಿ.ಎಂ.ನ ರಾಬರ್ಟ್ ಡೆನಾರ್ಡ್ ಮತ್ತು ಸಂಗಡಿಗರು 1974ರಲ್ಲಿ ಒಂದು ಸೂತ್ರವನ್ನು ಮಂಡಿಸಿದರು. ಟ್ರಾನ್ಸಿಸ್ಟರನ್ನು ಕಿರಿದುಗೊಳಿಸುತ್ತ ಅದೇ ಪ್ರಮಾಣದಲ್ಲಿ ವೋಲ್ಟೇಜನ್ನೂ ಇಳಿಸುತ್ತ ಹೋದರೆ, ಒಂದು ಚದರ ಮಿಲಿಮೀಟರಿನಲ್ಲಿ ಹುಟ್ಟುವ ಬಿಸಿ ಹೆಚ್ಚುವುದಿಲ್ಲ ಎಂಬುದು ಅದರ ತಿರುಳು. ಆದರೆ ತಯಾರಕರು ವೇಗದ ಆಸೆಗೆ ಬಿದ್ದರು. ವೋಲ್ಟೇಜು ಸೂತ್ರ ಹೇಳಿದಷ್ಟು ಇಳಿಯಲಿಲ್ಲ. 1993ರ ಪೆಂಟಿಯಮ್ ಹೊತ್ತಿಗೆ ಶಾಖವು ಸುಮಾರು 15 ವಾಟಿಗೆ ಏರಿತ್ತು, ಪ್ರೊಸೆಸರಿನ ತಲೆಯ ಮೇಲೆ ಫ್ಯಾನು ಕುಳಿತಿತ್ತು. ಟ್ರಾನ್ಸಿಸ್ಟರುಗಳು ತೀರ ಕಿರಿದಾದಂತೆ ಇನ್ನೊಂದು ಕೇಡು ಕಾಣಿಸಿಕೊಂಡಿತು. ಹಳೆಯ ನಲ್ಲಿ ಮುಚ್ಚಿದರೂ ತೊಟ್ಟಿಕ್ಕುವಂತೆ, ಆರಿಸಿದ ಟ್ರಾನ್ಸಿಸ್ಟರಿನಲ್ಲಿಯೂ ವಿದ್ಯುತ್ ಸೋರತೊಡಗಿತು. ಆ ಸೋರಿಕೆಯೂ ಬಿಸಿಯೇ.

2001ರ ಫೆಬ್ರುವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಮ್ಮೇಳನದಲ್ಲಿ ಇಂಟೆಲ್‌ನ ಪ್ಯಾಟ್ ಗೆಲ್ಸಿಂಗರ್, ಇದೇ ದಾರಿಯಲ್ಲಿ ಮುಂದುವರಿದರೆ ಚಿಪ್ಪಿನ ಶಾಖಸಾಂದ್ರತೆ ಪರಮಾಣು ಸ್ಥಾವರದ್ದಕ್ಕೂ, ರಾಕೆಟ್ಟಿನ ಮೂತಿಯದ್ದಕ್ಕೂ, ಕೊನೆಗೆ ಸೂರ್ಯನ ಮೇಲ್ಮೈಯದ್ದಕ್ಕೂ ಸಮನಾದೀತೆಂದು ಎಚ್ಚರಿಸಿದರು. ಮೂರೇ ವರ್ಷದಲ್ಲಿ ಗೋಡೆ ಎದುರಾಯಿತು. 2004ರಲ್ಲಿ ಬಂದ ಹೊಸ ಪೆಂಟಿಯಮ್ 4ರಲ್ಲಿ ಹನ್ನೆರಡೂವರೆ ಕೋಟಿ ಟ್ರಾನ್ಸಿಸ್ಟರುಗಳು. ಅದರ ವೇಗದ ಮಾದರಿಗಳ ಶಾಖ 100 ವಾಟನ್ನು ದಾಟಿತು. ಅದೇ ವರ್ಷದ ಮೇ ತಿಂಗಳಲ್ಲಿ ಆ ಕಂಪನಿ ಮುಂದಿನ ಮಾದರಿಯ ಕೆಲಸವನ್ನೇ ಕೈಬಿಟ್ಟಿತು. ಅಕ್ಟೋಬರಿನಲ್ಲಿ 4 ಗಿಗಾಹರ್ಟ್ಸಿನ ಪ್ರೊಸೆಸರನ್ನು ತರುವ ಯೋಜನೆಯನ್ನೂ ರದ್ದುಮಾಡಿತು. 2005ರಲ್ಲಿ ಒಂದೇ ಚಿಪ್ಪಿನಲ್ಲಿ ಎರಡು ತಿರುಳುಗಳನ್ನಿಟ್ಟು ಕೆಲಸವನ್ನು ಹಂಚುವ ಪ್ರೊಸೆಸರುಗಳು ಮನೆಬಳಕೆಯ ಯಂತ್ರಗಳಿಗೆ ಬಂದವು. ಒಂದು ಎತ್ತನ್ನು ಇನ್ನೂ ಜೋರಾಗಿ ಓಡಿಸಲಾಗದೆ ನೊಗಕ್ಕೆ ಎರಡು ಎತ್ತು ಕಟ್ಟಿದಂತೆ. ಇಂದು ನಿಮ್ಮ ಕೈಯಲ್ಲಿರುವ ಫೋನಿನಲ್ಲಿಯೂ ಹಲವು ತಿರುಳುಗಳಿರುವುದಕ್ಕೆ ಆ ಗೋಡೆಯೇ ಮುಖ್ಯ ಕಾರಣ.

ಇನ್ನು ಪೇಸ್ಟಿನ ವಿಷಯ. ಪ್ರೊಸೆಸರಿನ ಮೇಲೆ ಹೀಟ್ ಸಿಂಕ್ ಎಂಬ ತೆಳು ಹಾಳೆಗಳ ಲೋಹದ ತುಂಡನ್ನು ಕೂರಿಸಿರುತ್ತಾರೆ. ಕಣ್ಣಿಗೆ ಎರಡೂ ನುಣುಪು. ಸೂಕ್ಷ್ಮದರ್ಶಕಕ್ಕೆ ಬೆಟ್ಟಗುಡ್ಡಗಳ ಸೀಮೆ. ಎರಡು ಲೋಹಗಳು ನಿಜವಾಗಿ ತಾಗುವುದು ಅಲ್ಲಲ್ಲಿ ಮಾತ್ರ, ಉಳಿದೆಡೆಯೆಲ್ಲ ಗಾಳಿ. ತಾಮ್ರವು ಗಾಳಿಗಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಆದ್ದರಿಂದ ಆ ಕಣಿವೆಗಳ ಗಾಳಿಯನ್ನು ಓಡಿಸಿ ಅಲ್ಲಿ ಏನನ್ನಾದರೂ ತುಂಬಬೇಕು. ಹಿಂದೆ ರೇಡಿಯೋ, ಟೀವಿ ರಿಪೇರಿಯವರು ದೊಡ್ಡ ಟ್ರಾನ್ಸಿಸ್ಟರಿನ ಬೆನ್ನಿಗೆ ಬಿಳಿಯ ಮುಲಾಮು ಹಚ್ಚುತ್ತಿದ್ದುದನ್ನು ನೋಡಿರಬಹುದು. ಸಿಲಿಕೋನ್ ಜಿಡ್ಡಿನಲ್ಲಿ ಸತುವಿನ ಆಕ್ಸೈಡಿನ ಪುಡಿ ಕಲಸಿ ಮಾಡಿದ್ದು. ಪ್ರೊಸೆಸರಿನ ಪೇಸ್ಟ್ ಅದರ ಬಂಧುವೇ. ಅದು ಗಾಳಿಗಿಂತ ಎಷ್ಟೋ ಮೇಲು, ಆದರೆ ಲೋಹಕ್ಕಿಂತ ಬಹಳ ಕೀಳು. ಹಾಗಾಗಿ ಸಂದುಗಳನ್ನು ತುಂಬುವಷ್ಟು ಮಾತ್ರ ಇರಬೇಕು. ದಪ್ಪವಾಗಿ ಮೆತ್ತಿದರೆ ಕಂಬಳಿ ಹೊದಿಸಿದಂತೆ. ವರ್ಷಗಟ್ಟಲೆ ಕಾದು ಆರಿ, ಕಾದು ಆರಿ, ಅದರ ಜಿಡ್ಡು ಹಿಂಗುತ್ತದೆ, ಅಂಚಿಗೆ ಸರಿಯುತ್ತದೆ, ಬಿರುಕು ಬಿಡುತ್ತದೆ. ಬಿರುಕಿಗೆ ಮತ್ತೆ ಗಾಳಿ ಬಂದು ಸೇರುತ್ತದೆ.

ನನ್ನ ಯಂತ್ರವೂ ಆ 2004ರ ಬಿಸಿ ತಲೆಮಾರಿನದೇ. ನಿವೃತ್ತಿಯ ಹಣದಲ್ಲಿ ಕೊಂಡದ್ದು. ಕಳೆದ ಬೇಸಿಗೆಯಲ್ಲಿ ಅದು ಆಮೆಯಂತಾಯಿತು, ಆಮೇಲೆ ಹತ್ತೇ ನಿಮಿಷಕ್ಕೆ ತಾನಾಗಿ ಆರತೊಡಗಿತು. ನಮ್ಮ ಬಯಲುಸೀಮೆಯ ಧೂಳು ನಿಮಗೆ ಗೊತ್ತೇ ಇದೆ. ಪೇಟೆಯ ರಿಪೇರಿಯವರೊಬ್ಬರು ಮದರ್‌ಬೋರ್ಡ್ ಹೋಗಿದೆ, ಗುಜರಿಗೆ ಹಾಕಿ ಎಂದರು. ನನಗೆ ಮನಸ್ಸು ಬರಲಿಲ್ಲ. ನನ್ನ ಹಿರಿಯಣ್ಣ ತೀರಿಕೊಳ್ಳುವ ಮುಂಚಿನ ಎರಡು ವರ್ಷ ಹೇಳುತ್ತ ಹೋದ ನಮ್ಮ ಮನೆತನದ ವೃತ್ತಾಂತವನ್ನು ನಾನು ಅದರಲ್ಲಿಯೇ, ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದೆ. ಪ್ರತಿಗಳು ಬೇರೆ ಕಡೆಯೂ ಇವೆ. ಆದರೆ ಹೊಸ ಯಂತ್ರದಲ್ಲಿ ತೆರೆದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಯೂನಿಕೋಡಿಗೆ ಪರಿವರ್ತಿಸಬಹುದು, ಒತ್ತಕ್ಷರಗಳು ಅಲ್ಲಲ್ಲಿ ಕೆಡುತ್ತವೆ, ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ತಿದ್ದಬೇಕು. ಆ ಮೂಲವನ್ನು ನಾನು ಬರೆದಂತೆಯೇ ತೋರಿಸುತ್ತಿದ್ದುದು ಈ ಮುದಿ ಯಂತ್ರ.

ಈಗ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವ ನಿಮ್ಮದೇ ಸಹಪಾಠಿಯೊಬ್ಬ ಒಂದು ಭಾನುವಾರ ಮನೆಗೆ ಬಂದ. ಪಕ್ಕದ ಮುಚ್ಚಳ ತೆಗೆದು ನೋಡಿ, "ಸಾರ್, ಇದು ಸತ್ತಿಲ್ಲ. ಜ್ವರ ಬಂದಿದೆ ಅಷ್ಟೆ. ಮೈ ಸುಡದಿರಲಿ ಅಂತ ತಾನೇ ನಿಧಾನ ಮಾಡ್ಕೊಳ್ತಿದೆ" ಎಂದ. "ಹಾಗಾದರೆ ಬಿಚ್ಚಪ್ಪಾ, ನಾನೂ ನೋಡ್ತೀನಿ" ಎಂದೆ.

ಅವನು ಮಾಡಿದ್ದನ್ನು ಕ್ರಮವಾಗಿ ಬರೆಯುತ್ತೇನೆ, ನಿಮಗೂ ಉಪಯೋಗವಾದೀತು. ಐದು ನಿಮಿಷ ಯಂತ್ರವನ್ನು ನಡೆಸಿ ಹಳೆಯ ಪೇಸ್ಟನ್ನು ಮೆತ್ತಗಾಗಿಸಿದ. ಆರಿಸಿ, ಪ್ಲಗ್ ಕಿತ್ತು, ಒಳಗಿನ ಲೋಹದ ಚೌಕಟ್ಟನ್ನು ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಕಳೆದುಕೊಂಡ. ಫ್ಯಾನಿನ ತಂತಿ ಬಿಡಿಸಿ, ಕೊಂಡಿಗಳನ್ನು ಸಡಿಲಿಸಿ, ಹೀಟ್ ಸಿಂಕನ್ನು ನೇರ ಎಳೆಯದೆ ಅತ್ತಿತ್ತ ಮೆಲ್ಲಗೆ ತಿರುಗಿಸಿ ಬಿಡಿಸಿದ. ನೇರ ಎಳೆದರೆ ಪ್ರೊಸೆಸರೂ ಅಂಟಿಕೊಂಡು ಬಂದು ಅದರ ಕಾಲುಗಳು ಬಾಗುವ ಅಪಾಯವಿದೆಯಂತೆ. ಹಾಳೆಗಳ ನಡುವೆ ಧೂಳು ಹತ್ತಿಯ ದಿಂಬಿನಂತೆ ಕೂತಿತ್ತು. ಪೇಸ್ಟ್ ಒಣಗಿದ ಸುಣ್ಣದ ಹಕ್ಕಳೆಯಾಗಿತ್ತು. ಧೂಳನ್ನು ಅಂಗಳದಲ್ಲಿ ಬ್ರಷ್ಷಿನಿಂದ ತೆಗೆದ. ಹಕ್ಕಳೆಯನ್ನು ಹಳೆಯ ಪ್ಲಾಸ್ಟಿಕ್ ಕಾರ್ಡಿನಂಚಿನಿಂದ ಸಡಿಲಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ನೂಲು ಬಿಡದ ಬಟ್ಟೆಯಿಂದ ಎರಡೂ ಮೈಗಳನ್ನು ಕನ್ನಡಿಯಾಗುವವರೆಗೆ ಒರೆಸಿದ. ಚಾಕು, ಬ್ಲೇಡು ಕೂಡದು, ನೀರಂತೂ ಕೂಡದು. ಆರಿದ ಮೇಲೆ ನಡುವೆ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಹೀಟ್ ಸಿಂಕನ್ನು ನೇರವಾಗಿ ಕೂರಿಸಿ ಒತ್ತಿ, ಕೊಂಡಿ ಹಾಕಿ, ಫ್ಯಾನಿನ ತಂತಿಯನ್ನು ಮರೆಯದೆ ಸಿಕ್ಕಿಸಿದ. ಹಳೆಯ ಪೇಸ್ಟಿನ ಮೇಲೆಯೇ ಹೊಸದನ್ನು ಹಚ್ಚುವುದು ಹಳೆಯ ಗಾಯವನ್ನು ತೊಳೆಯದೆ ಪಟ್ಟಿ ಕಟ್ಟಿದಂತೆ ಎಂದು ಹೇಳಿದ.

ಹಿಂದೆ 78 ಡಿಗ್ರಿ ತೋರಿಸುತ್ತಿದ್ದ ಯಂತ್ರ ಅಂದು ಸಂಜೆ 54ರಲ್ಲಿ ನಿಂತಿತು. ಅಣ್ಣನ ವೃತ್ತಾಂತದ ನೂರಾ ಹನ್ನೆರಡು ಪುಟಗಳನ್ನು ಮುಂದಿನ ಮೂರು ತಿಂಗಳಲ್ಲಿ ಯೂನಿಕೋಡಿಗೆ ತಂದು ತಿದ್ದಿ ಮುಗಿಸಿದ್ದೇನೆ. ಬಂಧುಗಳಿಗೆ ಪ್ರತಿ ಕಳುಹಿಸುತ್ತೇನೆ.

ಹೊಸ ಪೇಸ್ಟಿನ ಬೆಲೆ ಒಂದು ಹೋಟೆಲ್ ಊಟಕ್ಕಿಂತ ಹೆಚ್ಚಲ್ಲ. ಎನಿಯಾಕ್ ಕಟ್ಟಿದವರು ಕೆಟ್ಟ ನಳಿಕೆಯನ್ನು ದಿನದಿನವೂ ಹುಡುಕಿ ಬದಲಿಸುತ್ತಿದ್ದರು. ಅದಕ್ಕಾಗಿ ಯಂತ್ರವನ್ನು ಎಸೆಯುವ ಯೋಚನೆ ಅವರಿಗಿರಲಿಲ್ಲ. ನಾವು ನಿಧಾನವಾಯಿತೆಂದು ಎಸೆಯುವ ಎಷ್ಟೋ ಯಂತ್ರಗಳು ಕೂದಲೆಳೆಗಿಂತ ತೆಳುವಾದ ಒಂದು ಪದರ ಒಣಗಿದ್ದಕ್ಕಾಗಿ ಗುಜರಿ ಸೇರುತ್ತಿವೆ. ನಿಮ್ಮ ಮನೆಯ ಅಟ್ಟದಲ್ಲಿ ಅಂಥದೊಂದಿದ್ದು, ಅದರಲ್ಲಿ ಹಳೆಯ ನುಡಿಯಲ್ಲಿಯೋ ಬರಹದಲ್ಲಿಯೋ ಯಾರಾದರೂ ಹಿರಿಯರು ಬರೆದಿಟ್ಟದ್ದಿದ್ದರೆ, ಗುಜರಿಯವನಿಗೆ ಕೊಡುವ ಮೊದಲು ಒಮ್ಮೆ ಮುಚ್ಚಳ ತೆಗೆದು ನೋಡಿ.