ಸಹಭೋಜನದಲ್ಲಿ ವೈನ್ ಆಯ್ಕೆ

ಹಲವರು ಒಂದೇ ಮೇಜಿಗೆ ಕೂತು ಉಣ್ಣುವಾಗ ಎಲ್ಲರಿಗೂ ಸಲ್ಲುವ ವೈನನ್ನು ಗೊತ್ತುಮಾಡುವ ಪದ್ಧತಿ. ಒಬ್ಬರು ಮೀನು ತರಿಸಿರುತ್ತಾರೆ, ಪಕ್ಕದವರು ಕುರಿಮಾಂಸ, ಎದುರಿನವರು ಅಣಬೆ. ತೆರೆಯುವ ಸೀಸೆ ಮಾತ್ರ ಒಂದೇ. ಈ ಕಗ್ಗಂಟನ್ನು ಬೇರೆ ಬೇರೆ ಕಾಲದವರು ಬಿಡಿಸಿಕೊಂಡ ಬಗೆಯನ್ನು ನೋಡಿದರೆ ವೈನಿನ ರುಚಿಗಿಂತ ಎರಡು ಸಂಗತಿಗಳು ಮುಖ್ಯವಾಗಿ ಕಾಣುತ್ತವೆ: ಎಲ್ಲರ ಪರವಾಗಿ ಆರಿಸುವವರು ಯಾರು, ಮತ್ತು ಅಡುಗೆಯನ್ನು ಬಡಿಸುವ ಕ್ರಮ ಯಾವುದು.

ಪ್ರಾಚೀನ ಗ್ರೀಕರಲ್ಲಿ ಊಟ ಮುಗಿದ ಮೇಲೆ ಪಾನಗೋಷ್ಠಿ. ಅದಕ್ಕೆ ಸಿಂಪೋಸಿಯಾನ್ ಎಂದು ಹೆಸರು. ಜೊತೆಗೆ ಅಂಜೂರ, ಬೀಜಗಳಂಥ ತಿನಿಸಷ್ಟೇ ಇರುತ್ತಿದ್ದುದರಿಂದ ಅಡುಗೆಗೆ ವೈನನ್ನು ಹೊಂದಿಸುವ ಪ್ರಶ್ನೆ ಏಳಲಿಲ್ಲ. ಆದರೆ ಎಲ್ಲರ ಪರವಾಗಿ ಒಬ್ಬರು ನಿರ್ಧರಿಸುವ ಪದ್ಧತಿ ಅಲ್ಲಿ ಸ್ಪಷ್ಟವಾಗಿತ್ತು. ನೆರೆದವರಲ್ಲೇ ಒಬ್ಬನನ್ನು ಸಿಂಪೋಸಿಯಾರ್ಕ್ ಎಂದು ಆರಿಸುತ್ತಿದ್ದರು. ಕ್ರೇಟರ್ ಎಂಬ ದೊಡ್ಡ ಮಡಕೆಯಲ್ಲಿ ವೈನಿಗೆ ಎಷ್ಟು ನೀರು ಬೆರೆಸಬೇಕು, ಅಂಥ ಎಷ್ಟು ಮಡಕೆ ಖಾಲಿಯಾಗಬೇಕು ಎಂಬುದು ಅವನ ತೀರ್ಮಾನ. ನೀರೇ ಹೆಚ್ಚಿರುವುದು ವಾಡಿಕೆ. ನೀರು ಬೆರೆಸದೆ ಕುಡಿಯುವುದು ಅನಾಗರಿಕರ ಲಕ್ಷಣ ಎಂದು ಗ್ರೀಕರು ಎಣಿಸಿದ್ದರು. ವಿವೇಕಿಗಳಿಗೆ ಮೂರು ಮಡಕೆ ಸಾಕು ಎಂಬ ಮಾತು ಕ್ರಿ.ಪೂ. 4ನೆಯ ಶತಮಾನದ ನಾಟಕಕಾರ ಯೂಬುಲಸನ ಉಳಿದುಬಂದ ತುಣುಕೊಂದರಲ್ಲಿದೆ. ಒಂದೇ ಮಡಕೆಯಿಂದ ಎಲ್ಲರಿಗೂ ಸುರಿಯುತ್ತಿದ್ದರು ಎಂಬುದು ಗಮನಿಸಬೇಕಾದ ಅಂಶ.

ರೋಮನ್ನರು ವೈನನ್ನು ಊಟದ ನಡುವಿಗೆ ತಂದರು. ಮೂರು ಮಂಚ, ಮಂಚಕ್ಕೆ ಮೂವರಂತೆ ಒಂಬತ್ತು ಜನ ಒರಗಿ ಉಣ್ಣುವುದು ಅವರ ಊಟದ ಕೋಣೆಯ ಮಾದರಿ ವ್ಯವಸ್ಥೆ. ಇಂಥ ಕಡೆ ಕ್ಯಾಂಪಾನಿಯಾ ಸೀಮೆಯ ಫಲೆರ್ನಿಯನ್ ವೈನಿಗೆ ಎಲ್ಲಕ್ಕಿಂತ ಹೆಚ್ಚಿನ ಮರ್ಯಾದೆ. ಒಪಿಮಿಯಸ್ ಕಾನ್ಸಲ್ ಆಗಿದ್ದ ಕ್ರಿ.ಪೂ. 121ರ ಫಸಲಿನ ವೈನಂತೂ ತಲೆಮಾರುಗಟ್ಟಲೆ ಮಾತಿಗೆ ವಸ್ತುವಾಗಿತ್ತು. ಹೀಗೆ ವೈನುಗಳಲ್ಲಿ ಮೇಲುಕೀಳು ಹುಟ್ಟಿದ ಕೂಡಲೇ ಪಂಕ್ತಿಭೇದವೂ ಹುಟ್ಟಿತು. ಕಿರಿಯ ಪ್ಲಿನಿ ತನ್ನ ಪತ್ರವೊಂದರಲ್ಲಿ ಒಬ್ಬ ಜಿಪುಣ ಆತಿಥೇಯನ ಮನೆಯ ಊಟವನ್ನು ವರ್ಣಿಸಿದ್ದಾನೆ. ಅಲ್ಲಿ ಚಿಕ್ಕ ಸೀಸೆಗಳಲ್ಲಿ ಮೂರು ದರ್ಜೆಯ ವೈನಿತ್ತು: ಆತಿಥೇಯನಿಗೂ ಹತ್ತಿರದವರಿಗೂ ಉತ್ತಮದ್ದು, ಕೆಳಗಿನ ಗೆಳೆಯರಿಗೆ ಸಾಧಾರಣದ್ದು, ಬಿಡುಗಡೆ ಹೊಂದಿದ ಗುಲಾಮರಿಗೆ ಇನ್ನೂ ಕೀಳಾದದ್ದು. ತನ್ನ ಮನೆಯಲ್ಲಿ ಎಲ್ಲರಿಗೂ ಒಂದೇ ಎಂದು ಪ್ಲಿನಿ ಹೇಳಿಕೊಳ್ಳುತ್ತಾನೆ. ಖರ್ಚು ಹೆಚ್ಚಾಗದೇ ಎಂದು ಕೇಳಿದವನಿಗೆ ಅವನು ಕೊಟ್ಟ ಉತ್ತರದ ಸಾರ ಇಷ್ಟು: ಬಿಡುಗಡೆ ಹೊಂದಿದ ಗುಲಾಮರು ನನ್ನ ವೈನ್ ಕುಡಿಯುವುದಿಲ್ಲ, ನಾನೇ ಅವರದನ್ನು ಕುಡಿಯುತ್ತೇನೆ. ಹತ್ತು ಜನರ ಬಿಲ್ಲನ್ನು ಸಮನಾಗಿ ಹಂಚಿಕೊಳ್ಳುವ ಇಂದಿನ ಮೇಜಿಗೂ ಇದಕ್ಕಿಂತ ನ್ಯಾಯವಾದ ಸೂತ್ರ ಸಿಕ್ಕಿಲ್ಲ.

17 ಮತ್ತು 18ನೆಯ ಶತಮಾನಗಳ ಯುರೋಪಿನ ಸಿರಿವಂತರ ಮನೆಗಳಲ್ಲಿ ಫ್ರೆಂಚ್ ಕ್ರಮ ನಡೆಯಿತು. ಒಂದೊಂದು ಸುತ್ತಿಗೂ ಹಲವಾರು ಭಕ್ಷ್ಯಗಳನ್ನು ಒಟ್ಟಿಗೇ ಮೇಜಿನ ಮೇಲೆ ಹರಡುತ್ತಿದ್ದರು. ಕೈಗೆ ಎಟುಕಿದ್ದನ್ನು ಬಡಿಸಿಕೊಳ್ಳಬೇಕು. ಸೀಸೆ, ಲೋಟಗಳು ಪಕ್ಕದ ಕಟ್ಟೆಮೇಜಿನ ಮೇಲಿರುತ್ತಿದ್ದವು. ಸನ್ನೆ ಮಾಡಿದರೆ ಸೇವಕ ತಂದುಕೊಡುತ್ತಿದ್ದ, ಕುಡಿದ ಲೋಟವನ್ನು ಹಿಂದಕ್ಕೆ ಒಯ್ಯುತ್ತಿದ್ದ. ಒಬ್ಬರ ತಟ್ಟೆಯಲ್ಲಿ ಹಂಸ, ಇನ್ನೊಬ್ಬರದರಲ್ಲಿ ಮೀನು ಇರುವಾಗ ಇಡೀ ಮೇಜಿಗೆ ಇದೇ ತಕ್ಕ ವೈನ್ ಎನ್ನುವಂತಿರಲಿಲ್ಲ. ವೈನ್ ಉಸ್ತುವಾರಿಗೆ ಇಂದು ಹೇಳುವ 'ಸೊಮೆಲಿಯೆ' ಎಂಬ ಪದ ಮೊದಲು ಹೇರುಪ್ರಾಣಿಗಳ ಮೇಲೆ ಸಾಮಾನು ಸಾಗಿಸುವವನನ್ನು ಸೂಚಿಸುತ್ತಿತ್ತು. ಅರಮನೆಯ ಉಗ್ರಾಣದ ಹೊಣೆಯಿಂದ ವೈನಿನ ಹೊಣೆಗೆ ಬರಲು ಆ ಪದಕ್ಕೆ ಶತಮಾನಗಳೇ ಹಿಡಿದವು.

ಪ್ಯಾರಿಸಿನಲ್ಲಿ 1760ರ ದಶಕದಿಂದ ಬೆಳೆದ ರೆಸ್ಟೋರೆಂಟುಗಳು ಲೆಕ್ಕವನ್ನೇ ಬದಲಿಸಿದವು. ಹಳೆಯ ಛತ್ರ, ಖಾನಾವಳಿಗಳಲ್ಲಿ ಗೊತ್ತಾದ ಹೊತ್ತಿಗೆ ಎಲ್ಲರೂ ಒಂದೇ ಉದ್ದನೆಯ ಮೇಜಿಗೆ ಕೂತು ಹಾಕಿದ್ದನ್ನು ಉಣ್ಣಬೇಕಿತ್ತು. ರೆಸ್ಟೋರೆಂಟಿನಲ್ಲಿ ಪ್ರತ್ಯೇಕ ಮೇಜು, ಅಚ್ಚಾದ ಪಟ್ಟಿ, ಪ್ರತಿಯೊಂದಕ್ಕೂ ಬೆಲೆ. ಗಿರಾಕಿಗಳು ಬಿಡಿಬಿಡಿಯಾಗಿ ಆರಿಸತೊಡಗಿದಾಗ ಅವರ ನಡುವೆ ನಿಂತು ಸಲಹೆ ಕೊಡುವವರು ಬೇಕಾದರು. 1780ರ ದಶಕದಲ್ಲಿ ಹೆಸರಾದ ರೆಸ್ಟೋರೆಂಟ್ ಒಡೆಯ ಬೋವಿಲಿಯೆ ಇಂಥವರಲ್ಲಿ ಮೊದಲಿಗ. ಈತ ಮೇಜಿನಿಂದ ಮೇಜಿಗೆ ಸುಳಿದಾಡುತ್ತ, ಇದು ಬೇಡ, ಅದು ಮುಗಿಯುವ ಮುನ್ನ ತರಿಸಿಕೊಳ್ಳಿ ಎಂದು ಹೇಳುತ್ತಿದ್ದನೆಂದೂ, ಬೀಗದ ಕೈ ತನ್ನೊಬ್ಬನ ಬಳಿಯೇ ಇದ್ದ ನೆಲಮಾಳಿಗೆಯಿಂದ ವೈನ್ ತರಿಸುತ್ತಿದ್ದನೆಂದೂ ಬ್ರಿಯಾ-ಸಾವರಾಂ 1825ರಲ್ಲಿ ಪ್ರಕಟವಾದ ತನ್ನ ರುಚಿಮೀಮಾಂಸೆಯಲ್ಲಿ ದಾಖಲಿಸಿದ್ದಾನೆ. ಕೊನೆಗೆ ಬರುವ ಬಿಲ್ಲಿನ ಭಾರವನ್ನೂ ಬ್ರಿಯಾ-ಸಾವರಾಂ ಮರೆತಿಲ್ಲ. ಹಗುರವಾದ ವೈನಿನಿಂದ ಸುವಾಸನೆಯೂ ಅಮಲೂ ಹೆಚ್ಚಿರುವ ವೈನಿನ ಕಡೆಗೆ ಸಾಗಬೇಕು, ಊಟದುದ್ದಕ್ಕೂ ಒಂದನ್ನೇ ಕುಡಿದರೆ ನಾಲಿಗೆ ಮರಗಟ್ಟುತ್ತದೆ ಎಂಬ ನಿಯಮಗಳೂ ಅದೇ ಪುಸ್ತಕದಲ್ಲಿವೆ.

ಇಂದಿನ ಹೊಂದಾಣಿಕೆಯ ನಿಯಮಗಳಿಗೆ ದಾರಿ ತೆರೆದದ್ದು ರಷ್ಯನ್ ಕ್ರಮ. ಒಂದಾದ ಮೇಲೆ ಒಂದು ಭಕ್ಷ್ಯವನ್ನು ಎಲ್ಲರಿಗೂ ಏಕಕಾಲಕ್ಕೆ ಬಡಿಸುವ ಈ ಪದ್ಧತಿಯನ್ನು 1810ರ ಸುಮಾರಿಗೆ ಪ್ಯಾರಿಸಿಗೆ ತಂದ ಹೆಸರು ರಷ್ಯದ ರಾಯಭಾರಿ ಕುರಾಕಿನನದು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಅದು ಬಲವಾಗಿ ಬೇರೂರಿತು. ಎಲ್ಲರ ಮುಂದೂ ಒಂದೇ ಭಕ್ಷ್ಯ ಇರುವುದರಿಂದ ಅದಕ್ಕೊಂದು ವೈನ್ ಎಂಬ ಜೋಡಿ ಸಾಧ್ಯವಾಯಿತು: ಸೂಪಿಗೆ ಶೆರಿ, ಸಿಂಪಿಗೆ ಶಾಬ್ಲಿ, ಹುರಿದ ಮಾಂಸಕ್ಕೆ ಬೋರ್ಡೊ, ಕೊನೆಗೆ ಸಿಹಿ ಶಾಂಪೇನ್. ಅದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹಣಕಾಸು ಸಚಿವ ಗ್ಲ್ಯಾಡ್‌ಸ್ಟನ್ 1860ರಲ್ಲಿ ಫ್ರೆಂಚ್ ವೈನಿನ ಸುಂಕ ಇಳಿಸಿದ. ಊಟದ ಮನೆಗಳು ವೈನ್ ಮಾರಲು ಆ ವರ್ಷದ ಕಾಯಿದೆ ಅನುವು ಮಾಡಿಕೊಟ್ಟಿತು.

ಮೀನಿಗೆ ಬಿಳಿ, ಮಾಂಸಕ್ಕೆ ಕೆಂಪು ಎಂಬ ಪ್ರಸಿದ್ಧ ಮಾತಿಗೆ ಆಧಾರವಿದೆ. ಕೆಂಪು ವೈನಿನ ಟ್ಯಾನಿನ್ ಬಾಯಲ್ಲಿ ಎಳೆಯ ಬಾಳೆಕಾಯಿಯ ಒಗರನ್ನು ತರುತ್ತದೆ; ಮಾಂಸದ ಪ್ರೋಟೀನು, ಕೊಬ್ಬು ಆ ಒಗರನ್ನು ತಗ್ಗಿಸುತ್ತವೆ. ಜಪಾನಿನ ಮರ್ಷಿಯನ್ ಕಂಪನಿಯ ಸಂಶೋಧಕರು ಮರುವಾಯಿಯ ಬಳಗದ ಸ್ಕ್ಯಾಲಪ್ ಜೊತೆ 69 ವೈನುಗಳನ್ನು ಪರೀಕ್ಷಿಸಿ, ಕುಡಿದ ಮೇಲೆ ಉಳಿಯುವ ಮೀನುವಾಸನೆಗೆ ವೈನಿನಲ್ಲಿರುವ ಕಬ್ಬಿಣದ ಅಂಶವೇ ಕಾರಣ ಎಂದು 2009ರಲ್ಲಿ ತೋರಿಸಿದರು. ದೋಷ ಬಣ್ಣದ್ದಲ್ಲ, ಕಬ್ಬಿಣ ಕಡಿಮೆ ಇರುವ ಕೆಂಪು ವೈನ್ ಮೀನಿನ ಜೊತೆ ಹಿತವಾಗಿಯೇ ಇರುತ್ತದೆ.

ಆರಿಸುವವರ ಕೆಲಸ 20ನೆಯ ಶತಮಾನದಲ್ಲಿ ವೃತ್ತಿಯಾಗಿ ಗಟ್ಟಿಗೊಂಡಿತು. ಮಾಸ್ಟರ್ ಸೊಮೆಲಿಯೆ ಪರೀಕ್ಷೆ ಮೊದಲು ನಡೆದದ್ದು 1969ರಲ್ಲಿ, ಬ್ರಿಟನ್ನಿನಲ್ಲಿ. ಸೀಸೆ ತೆರೆದು ತರಿಸಿದವರಿಗೆ ಮೊದಲು ಒಂದು ಗುಟುಕು ಸುರಿಯುವ ಪದ್ಧತಿಯನ್ನು ಇಷ್ಟವೋ ಇಲ್ಲವೋ ಎಂದು ಕೇಳುವುದೆಂದು ಅನೇಕರು ತಿಳಿಯುತ್ತಾರೆ. ವೈನ್ ಕೆಟ್ಟಿದೆಯೇ ಎಂದು ನೋಡುವುದಷ್ಟೇ ಅದರ ಉದ್ದೇಶ. ಬಿರಡೆಯಿಂದ ಬರುವ ಮುಗ್ಗಲು ವಾಸನೆಗೆ ಟ್ರೈಕ್ಲೋರೋಅನಿಸೋಲ್ ಎಂಬ ಸಂಯುಕ್ತ ಕಾರಣವೆಂದು 1980ರ ದಶಕದ ಆರಂಭದಲ್ಲಿ ಗೊತ್ತಾಯಿತು. ಈ ದೋಷವಿದ್ದರೆ ಸಂಕೋಚವಿಲ್ಲದೆ ಸೀಸೆಯನ್ನು ಹಿಂದಿರುಗಿಸಬಹುದು. 750 ಮಿಲಿಲೀಟರಿನ ಸೀಸೆಯಿಂದ ಸುಮಾರು ಐದು ಲೋಟ ಸಿಗುತ್ತದೆ. ಎಂಟು ಜನರ ಮೇಜಿನಲ್ಲಿ ತಲೆಗೆ ಒಂದು ಲೋಟಕ್ಕೂ ಒಂದು ಸೀಸೆ ಸಾಲದು. ಹಾಗಾಗಿ ಬಿಳಿಯದೊಂದು, ಕೆಂಪಿನದೊಂದು ತರಿಸುವುದು ರೂಢಿ. ಬಿರಡೆ ಕೀಳದೆಯೇ ಸೂಜಿಯಿಂದ ವೈನ್ ತೆಗೆಯುವ ಕೊರಾವಿನ್ ಉಪಕರಣ 2013ರಲ್ಲಿ ಬಂದ ಮೇಲೆ ದುಬಾರಿ ವೈನುಗಳೂ ಲೋಟದ ಲೆಕ್ಕದಲ್ಲಿ ದೊರೆಯುತ್ತಿವೆ.

ಭಾರತದ ಊಟಕ್ಕೆ ಈ ಯುರೋಪಿನ ನಿಯಮಗಳನ್ನು ಹಾಗೆಯೇ ತಂದು ಹೊಂದಿಸಲಾಗದು. ನಮ್ಮಲ್ಲಿ ಹುಳಿ, ಖಾರ, ಸಿಹಿ, ಒಗ್ಗರಣೆ ಎಲ್ಲವೂ ಒಂದೇ ಎಲೆಯ ಮೇಲೆ ಬರುತ್ತವೆ. ಬಡಿಸುವ ಕ್ರಮ ರಷ್ಯದ್ದಕ್ಕಿಂತ ಹಳೆಯ ಫ್ರೆಂಚ್ ಕ್ರಮಕ್ಕೇ ಹತ್ತಿರ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಬಾಯಲ್ಲಿದ್ದಾಗ ಆಲ್ಕೋಹಾಲಿನ ಉರಿಯೂ ಟ್ಯಾನಿನ್ನಿನ ಒಗರೂ ಹೆಚ್ಚಾಗಿ ತೋರುತ್ತವೆ. ಆದ್ದರಿಂದ ಭಾರಿ ಕೆಂಪು ವೈನಿಗಿಂತ ತುಸು ಸಿಹಿಯಾದ ರೀಸ್ಲಿಂಗ್, ಶೆನಿನ್ ಬ್ಲಾಂಕ್, ರೋಸೆ, ಬುರುಗೇಳುವ ವೈನುಗಳು ಮೇಜಿನ ಎಲ್ಲರಿಗೂ ಹಿಡಿಸುವ ಸಂಭವ ಹೆಚ್ಚು. ಕರ್ನಾಟಕದಲ್ಲಿ ನಂದಿಬೆಟ್ಟದ ತಪ್ಪಲಿನ ಗ್ರೋವರ್ ಸಂಸ್ಥೆ 1988ರಲ್ಲಿ ಫ್ರೆಂಚ್ ತಳಿಗಳ ವೈನ್ ಉದ್ಯಮಕ್ಕೆ ಕೈಹಾಕಿತು. 2007ರಲ್ಲಿ ರಾಜ್ಯ ಸರ್ಕಾರ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯನ್ನು ರೂಪಿಸಿತು. ಸ್ಥಳೀಯ ಬೆಂಗಳೂರು ನೀಲಿ ದ್ರಾಕ್ಷಿಯಿಂದಲೂ ವೈನ್ ತಯಾರಾಗುತ್ತದೆ.